ಗಂಗವ್ವ ಕಂಪ್ಯೂಟರ್‌ನ್ಯಾಗ ಬಂದ್ಳು

ನೋಡ್ರಿ ದೋಸ್ತರ, ಇವತ್ತ ಬೈಲಹೊಂಗಲದಾಗ ನಮ್ಮ ಬೀಜದ ಸಂಘಕ್ಕ ಸಂಗೊಳ್ಳಿ ಗಂಗವ್ವ ಅರ್ಜಿ ಚೀಟಿ ಹಿಡಕೊಂಡು ಬಂದ್ಳು. ಕಾರ್ಯದರ್ಶಿ ಸಾಹೇಬ್ರು ಕಂಪ್ಯೂಟರ್ ನೋಡಿ, "ನಿನ್ನ ಅರ್ಜಿನ ಇಲ್ಲಬೇ" ಅಂದ್ರು.

"ಚೀಟಿ ಮ್ಯಾಲೆ ನಿಮ್ಮದ ಸಹಿ ಐತಲ್ರಿ?"

"ಸಹಿ ಇರ್ಲಿ. ಕಂಪ್ಯೂಟರ್‌ನ್ಯಾಗ ಇಲ್ಲ."

ಅಲ್ಲಿ ಸಾಫ್ಟ್‌ವೇರ್ ನೋಡ್ಕೊಳ್ಳಾಂವ ನಾನ. ಬೀಜ ಯಾರಿಗೆ ಸಿಗಬೇಕು ಅಂತ ಠರಾಯಿಸೋದು ಒಂದು ನಿಯಮದ ಫೈಲ್. ಕಡ್ಲಿಯೊಳಗ ಕುಸುಬಿ ಸಾಲು ಬಿತ್ತೋರ ಸಲುವಾಗಿ ಹೋದ ವಾರ ಸಾಹೇಬ್ರು ಅದರಾಗ "ಮಿಶ್ರ ಬೆಳಿ" ಅಂತ ಹೊಸಾ ವರ್ಗ ಸೇರಿಸಿದ್ರು. ನಿಯಮ ಗಂಗವ್ವನ್ನ ಪಾಸ್ ಮಾಡಿತ್ತು. ಆದ್ರ ಹೆಸರು ಹುಡುಕೋ ಪ್ರೋಗ್ರಾಮಿಗೆ ಹಳೇ ವರ್ಗ ಅಷ್ಟ ಗೊತ್ತು.

"ಹುಡುಕೋಕಿಂತ ಮೊದಲ ಹೊಸಾ ವರ್ಗ ಯಾವ್ಯಾವ ಅದಾವ ಅಂತ ಪ್ರೋಗ್ರಾಮು ಆ ನಿಯಮದ ಫೈಲಿಗೆ ಕೇಳಬೇಕ್ರಿ. ಒಂದ ದಿನ ಕೊಡ್ರಿ, ಬರೀತೇನಿ" ಅಂತ ಆಗನ ಹೇಳಿದ್ದೆ.

"ನಿಂದೊಂದು ಯಾವಾಗ್ಲೂ ಇದ್ದದ್ದ" ಅಂದಿದ್ರು ಸಾಹೇಬ್ರು.

ಇವತ್ತ ನಿಂತ ಕಾಲಮ್ಯಾಲೆ ಬರಸಿದ್ರು. ಬರದಿದ್ದು ನಾಕ ಸಾಲು. ಗಂಗವ್ವನ ಹೆಸರು ಬಂತು, ಅಕಿ ಹಿಂದ ಇನ್ನೂ ಹನ್ನೊಂದು ಮಂದಿ ಹೆಸರು ಬಂದೂವು. ಎಲ್ಲಾರೂ ಮುಂಜಾನೆನ "ಅರ್ಜಿ ಇಲ್ಲ" ಅನಿಸಿಕೊಂಡು ಮನಿಗೆ ಹೋದವ್ರು. ಅಷ್ಟರಾಗ ಉಳದ ಕೌಂಟರ್‌ನ್ಯಾಗ ಬೀಜ ಹಂಚಿ, ಗೋದಾಮ ಖಾಲಿ ಆಗಿತ್ತು.

"ನೋಡಬೇ, ಈಗ ನಿನ್ನ ಹೆಸರು ಕಂಪ್ಯೂಟರ್‌ನ್ಯಾಗ ಬಂತು" ಅಂದ್ರು ಸಾಹೇಬ್ರು, ತಾವ ಹುಡುಕಿ ಕೊಟ್ಟಂಗ.

ಗಂಗವ್ವ ಚೀಟಿ ಮಡಚಿ ಸೆರಗಿಗೆ ಕಟಗೊಂಡ್ಳು.

"ಚಲೋ ಆತ್ರಿ. ಹಂಗಾರ ಆ ಕಂಪ್ಯೂಟರ್ ಕೊಟ್ಟ ಕಳಸ್ರಿ, ಅದನ್ನ ಬಿತ್ತತೇನಿ."