ಕತೆ ನಡೆಸುವುದನ್ನು ಬಿಡಲಿಲ್ಲ

ಗುಂಡ್ಲುಪೇಟೆಯಿಂದ ಊಟಿ ಕಡೆಗೆ ಹೋಗುವ ಕಾಡಿನ ರಸ್ತೆಯಲ್ಲಿ ಒಂದು ಸಲಗ ನಮ್ಮ ಬಸ್ಸಿಗೆ ಎದುರಾಗಿ ನಾಲ್ಕು ತಿಂಗಳಾಯಿತು. ಯಾರಿಗೂ ಏನೂ ಆಗಲಿಲ್ಲ. ಡ್ರೈವರ್ ತಕ್ಷಣ ಬಸ್ಸನ್ನು ಹಿಂದಕ್ಕೆ ತೆಗೆದ. ಆದರೆ ಮುಂದಿನ ಸೀಟಿನಲ್ಲಿದ್ದ ನಾನು ಈಗಲೂ ದಿನಕ್ಕೆ ಹತ್ತು ಸಲ ಆ ಗಾಜಿನ ಹಿಂದೆಯೇ ಕೂತಿರುತ್ತೇನೆ. ಡ್ರೈವರ್ ಇನ್ನೊಂದು ಗಳಿಗೆ ತಡಮಾಡಿದ್ದರೆ?

ಭಾನುವಾರ ಮಧ್ಯಾಹ್ನ ಚಾಮರಾಜನಗರದ ನಮ್ಮ ಮನೆಯ ಮೇಜಿನ ಸುತ್ತ ಮೂವರು ಕೂತು ಕತೆಯಾಟ ಆಡುತ್ತೇವೆ. ಕತೆ ನಡೆಸುವವಳು ನಾನು. ಕಾಡು, ಕೋಟೆ, ಕಳ್ಳರು ಯಾವುದು ಎದುರಾಯಿತೆಂದು ಹೇಳುತ್ತೇನೆ. ಅರಿಶಿನ ಮಂಡಿಯಲ್ಲಿ ಕೆಲಸ ಮಾಡುವ ಗೆಳೆಯ ಮತ್ತು ತೆರಕಣಾಂಬಿಯಿಂದ ಬರುವ ಗೆಳತಿ ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳಿ ದಾಳ ಉರುಳಿಸುತ್ತಾರೆ. ಉಳಿಯುವುದೋ ಸಾಯುವುದೋ ದಾಳದ ಮೇಲಿದೆ.

ಮೊದಲೆಲ್ಲ ಒಂದು ಮಧ್ಯಾಹ್ನಕ್ಕೆ ಒಂದು ಕೋಟೆ ಮುಗಿಯುತ್ತಿತ್ತು. ಸಲಗ ಕಂಡ ಮೇಲೆ ಒಂದು ಬಾಗಿಲೂ ದಾಟುತ್ತಿರಲಿಲ್ಲ. ಅವರು ಏನು ಮಾಡುತ್ತೇವೆಂದರೂ ನಾನು "ಯೋಚನೆ ಮಾಡಿದ್ರಾ? ಬೇರೆ ದಾರಿ ನೋಡ್ತೀರಾ?" ಎಂದು ಕೇಳುತ್ತಿದ್ದೆ. ಕೇಳಿದ್ದೇ ತಡ, ಇಬ್ಬರೂ ಅನುಮಾನಕ್ಕೆ ಬಿದ್ದು ಚರ್ಚೆಗಿಳಿಯುತ್ತಿದ್ದರು.

ಕಳೆದ ವಾರ ಗೆಳೆಯ ಸಿಡಿದ. "ಅಲ್ಲ ಕಣಮ್ಮಿ, ಅರ್ಧ ಗಂಟೆಯಿಂದ ಒಂದು ತೊರೆ ದಾಟ್ತಾ ಇವ್ನಿ. ಸೊಂಟದ್ ಕತ್ತಿ ತುಕ್ಕು ಹಿಡ್ದೋಯ್ತು!"

"ಸ್ವಲ್ಪ ದಿನ ನೀನು ಸುಮ್ನೆ ಆಡು. ಕತೆ ನಡ್ಸೋದ ಇವನಿಗೆ ಬುಡು," ಎಂದಳು ಗೆಳತಿ, ಮೆತ್ತಗೆ.

ಆ ಮೆತ್ತನೆಯ ದನಿಯೇ ನನ್ನನ್ನು ಕೆರಳಿಸಿತು. ಆ ರಸ್ತೆಯ ಬಸ್ಸು ಹತ್ತುವುದನ್ನು ಬಿಟ್ಟಿದ್ದೆ. ಸಂಜೆಯ ನಡಿಗೆ ಬಿಟ್ಟಿದ್ದೆ. ಇದನ್ನೂ ಆ ಆನೆಗೆ ಕೊಡಬೇಕೆ?

"ಬುಡಲ್ಲ," ಎಂದೆ. ಗೆಳೆಯನ ಕಡೆ ತಿರುಗಿದೆ. "ತೊರೆ ಏರ್ತಾ ಐತೆ. ಏನ್ ಮಾಡ್ತೀಯ?"

"ಹಗ್ಗ ಕಟ್ಲಾ, ಇಲ್ಲ..."

"ಹಗ್ಗ ಅಂದೆ. ಉರುಳ್ಸು."

"ತಡಿಯಮ್ಮಿ, ನಾನಿನ್ನೂ..."

"ನೀರು ತಡಿಯಲ್ಲ. ಉರುಳ್ಸು."

ದಾಳ ಒಂದರ ಮೇಲೆ ನಿಂತಿತು. ಅದಕ್ಕಿಂತ ಕೆಟ್ಟದ್ದಿಲ್ಲ. ಇನ್ನೊಂದು ಅವಕಾಶ ಕೊಡುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಎರಡು ವರ್ಷದಿಂದ ಅವನು ಆಡಿಸಿಕೊಂಡು ಬಂದ ಪಾತ್ರವನ್ನು ತೊರೆ ಎಳೆದುಕೊಂಡು ಹೋಯಿತೆಂದು ಹೇಳಿದೆ. ನಡುವೆ ನಿಲ್ಲಿಸದೆ ಪೂರ್ತಿ ಹೇಳಿದೆ.

"ಸಾಯ್ಸ್ಬುಟ್ಟಲ್ಲಮ್ಮಿ!" ಎಂದು ಅವನು ತಲೆಯ ಮೇಲೆ ಕೈ ಹೊತ್ತ. ಆಮೇಲೆ ಹೊಸ ಹಾಳೆ ಎಳೆದುಕೊಂಡು ಇನ್ನೊಂದು ಪಾತ್ರ ಬರೆಯತೊಡಗಿದ.

ಗೆಳತಿಯ ಪಾತ್ರ ಇನ್ನೂ ದಡದಲ್ಲೇ ನಿಂತಿತ್ತು. ನೀರು ಅದರ ಮೊಣಕಾಲಿಗೆ ಬಂತೆಂದು ಹೇಳಿ, ದಾಳವನ್ನು ಅವಳ ಕಡೆಗೆ ತಳ್ಳಿದೆ.