ಆಷಾಢ ಕಳೆಯಲಿ ಎಂದಿದ್ದೆ, ಶಿವಲಿಂಗು

ಮೂರು ಕಡೆ ಫೋನ್ ಮಾಡಿ ಕೇಳಿದೆ…
ಮೂವರೂ ಅದನ್ನೇ ಹೇಳಿದರು.
ಆದರೂ ಅವನ ನಂಬರಿಗೇ ಇನ್ನೊಮ್ಮೆ ಮಾಡಿದೆ.
ರಿಂಗ್ ಆಯಿತು… ಅವನ ಹೆಂಡತಿ ಭಾಗ್ಯ ಎತ್ತಿಕೊಂಡು ಅತ್ತಳು.

ನನ್ನ ಪ್ರೀತಿಯ ತಮ್ಮಂದಿರೇ, ತಂಗಿಯರೇ, ಮಕ್ಕಳೇ…
ಪಾಲಹಳ್ಳಿಯ ನಮ್ಮ ಶಿವಲಿಂಗು ಹೋಗಿಬಿಟ್ಟ.
ಬೆಳಿಗ್ಗೆ ಎದೆನೋವು ಎಂದನಂತೆ. ಶ್ರೀರಂಗಪಟ್ಟಣದ ಆಸ್ಪತ್ರೆ ಬಾಗಿಲು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.
ನಲವತ್ತೆಂಟು ವರ್ಷ… ಹೋಗುವ ವಯಸ್ಸಾ ಇದು?

ಅವನನ್ನು ಕಾಣದವರಿಗೆ ಎರಡು ಮಾತು.
ಪಾಂಡವಪುರದ ಆಚೆ ನಮ್ಮ ಹಾಲಿನ ಶೀತಲ ಕೇಂದ್ರ ಇದೆಯಲ್ಲ, ಅಲ್ಲಿ ಕಂಪ್ಯೂಟರ್ ರೂಮಿನ ಉಸ್ತುವಾರಿ ನನ್ನದು.
ಸರ್ವರ್ ನೋಡಿಕೊಳ್ಳುತ್ತಿದ್ದವನು ಅವನು.
ಇಬ್ಬರೂ ಕಾಲೇಜು ಕಂಡವರಲ್ಲ. ನಾನು ನೋಡಿ ನೋಡಿ ಕಲಿತೆ. ಅವನು ಹಾಲು ಪರೀಕ್ಷೆ ಮಾಡುವ ಮೆಷಿನ್ ರಿಪೇರಿಗೆ ಬಂದು, ಹಾಗೇ ಲಿನಕ್ಸ್ ಕಲಿತ.
ಯಾವ ಊರಿನ ಕ್ಯಾನಿನಲ್ಲಿ ಎಂಥ ಹಾಲು ಬಂತು ಎಂಬುದು ಆ ಸರ್ವರಿನಲ್ಲಿ ಇರುತ್ತದೆ. ಅದಿಲ್ಲದಿದ್ದರೆ ಒಂದು ಕ್ಯಾನ್ ಕೆಟ್ಟಾಗ ಯಾವ ಊರಿನದು ಎಂದು ಗೊತ್ತಾಗದೆ ಇಡೀ ಟ್ಯಾಂಕರನ್ನೇ ಚೆಲ್ಲಬೇಕು.

ಸರ್ವರನ್ನು ನಡೆಸುವ ಈ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗೆ ಕೆಲವು ವರ್ಷಕ್ಕೊಮ್ಮೆ ಹೊಸ ರಿಲೀಸ್, ಅಂದರೆ ಹೊಸ ಆವೃತ್ತಿ ಬರುತ್ತದೆ.
ಹಳೆಯದಕ್ಕೆ ಅದನ್ನು ಮಾಡಿದವರು ಸ್ವಲ್ಪ ಕಾಲ ರಿಪೇರಿ ಕಳಿಸುತ್ತಾರೆ… ಆಮೇಲೆ ಕೈಬಿಡುತ್ತಾರೆ. ಕೈಬಿಟ್ಟ ಮೇಲೆ ಕಳ್ಳರಿಗೆ ಬಾಗಿಲು ತೆರೆದಂತೆ.
ನಮ್ಮದು ಹಳೆಯದಾಗುತ್ತಿದೆ ಎಂದು ಅವನು ಎರಡು ವರ್ಷದ ಹಿಂದೆಯೇ ಹೇಳಿದ್ದ.

ಎಲ್ಲರೂ ಹೊಸದು ಹೊಸದು ಎನ್ನುವಾಗ ಅವನು ಹೊಸದಕ್ಕೆ ಕೈ ಹಾಕುತ್ತಿರಲಿಲ್ಲ. ಸ್ಟೇಬಲ್, ಅಂದರೆ ಗಟ್ಟಿ ಎಂದು ಹೆಸರು ಪಡೆದು, ಬೇರೆಯವರ ಕೈಯಲ್ಲಿ ನಾಲ್ಕಾರು ತಿಂಗಳು ಓಡಿ, ತಪ್ಪುಗಳೆಲ್ಲ ಹೊರಬಿದ್ದ ಮೇಲೆ ತೆಗೆದುಕೊಳ್ಳುತ್ತಿದ್ದ. ಏನೇನು ಬದಲಾಗಿದೆ ಎಂದು ಬರೆದ ರಿಲೀಸ್ ನೋಟ್ಸ್ ಪ್ರಿಂಟ್ ಹಾಕಿಸಿ ಪೆನ್ನಲ್ಲಿ ಗೀಟು ಹಾಕಿ ಓದುತ್ತಿದ್ದ.
ಅಂಥವನು ಬಂದು, ಹೊಸದನ್ನು ಹಾಕಲು ಒಂದೇ ಒಂದು ದಿನ ಕೊಡಿ ಎಂದು ಕೇಳಿದ.
ನಾಗಮಂಗಲದ ಕಡೆಯ ಬೆಳಗಿನ ಹಾಲಿನ ವ್ಯಾನು ಬಂದು ಹೋದ ಮೇಲೆ, ಸಂಜೆ ಹಾಲು ಶುರುವಾಗುವ ಮುಂಚೆ… ಆರು ಗಂಟೆ ಹೊತ್ತು ಸಾಕು ಎಂದ.

ಆಗ ಆಷಾಢ ಹಿಡಿದಿತ್ತು.
"ಒಸ್ದೇನೂ ಬ್ಯಾಡ ಕಣೋ, ಒಂದ್ ತಿಂಗ್ಳು ತಡ್ಕೊ" ಎಂದೆ.
"ಸರ್ವರ್‌ಗೇನು ಮದ್ವೆ ಮಾಡ್ತಾ ಇದ್ದೀವಾ ಅಕ್ಕ? ಅಂಗಾದ್ರೆ ತವರಿಗೆ ಕಳ್ಸಿಬುಡಿ ಅದ್ನೂವೆ" ಎಂದು ನಕ್ಕ.
ನಾನೂ ನಕ್ಕೆ… ಆದರೆ ಒಪ್ಪಲಿಲ್ಲ.

ಶ್ರಾವಣದಲ್ಲಿ ಹಬ್ಬದ ಹಾಲು ಜಾಸ್ತಿ, ಕೈ ಹಾಕಬೇಡ ಎಂದೆ.
ಪಿತೃಪಕ್ಷ ಬಂತು, ಬೇಡ ಎಂದೆ.
ಧನುರ್ಮಾಸ… ಬೇಡ.
ಮತ್ತೆ ಇನ್ನೊಂದು ಆಷಾಢ.
ಕೆಟ್ಟ ಮನಸ್ಸಿನಿಂದ ಅಲ್ಲ. ನಮ್ಮ ಮನೆಯಲ್ಲಿ ಒಲೆ ಬದಲಾಯಿಸುವುದಕ್ಕೂ ಹೀಗೇ ದಿನ ನೋಡಿ ಬೆಳೆದವಳು ನಾನು. ಮುಂದೂಡಿದರೆ ನಷ್ಟ ಏನು ಎಂದುಕೊಂಡಿದ್ದೆ.

ಶಿವಲಿಂಗೂ…
ನೀನು ಒಂದು ದಿನವೂ ದನಿ ಎತ್ತಲಿಲ್ಲ.
ಒಮ್ಮೆ ಮಾತ್ರ ಬಾಗಿಲ ಹತ್ತಿರ ನಿಂತು, ಮೆತ್ತಗೆ ಹೇಳಿದೆ. "ಆವತ್ತು ಒಂದು ಮೆಟ್ಲು ಇತ್ತು ಕಣಕ್ಕ. ಈಗ ಎಲ್ಡಾಗದೆ. ಮಧ್ಯದ್ದ ಬುಟ್ಟು ನೆಗ್ಯಕಾಗಲ್ಲ."
ಒಂದು ರಿಲೀಸಿನಿಂದ ಮುಂದಿನದಕ್ಕೆ, ಅಲ್ಲಿಂದ ಅದರ ಮುಂದಿನದಕ್ಕೆ… ಎರಡು ಸಲ ಮಾಡಬೇಕು, ಎರಡು ಸಲ ಹೆದರಬೇಕು ಎಂದು ನೀನೇ ವಿವರಿಸಿದೆ.
ಅಷ್ಟರಲ್ಲಿ ನಮ್ಮದಕ್ಕೆ ರಿಪೇರಿ ಬರುವುದೇ ನಿಂತುಹೋಗಿತ್ತು.
ಅದನ್ನೂ ನೀನು ಬೈದು ಹೇಳಲಿಲ್ಲವಲ್ಲೋ…
ಬೈದಿದ್ದರೆ ನಾನು ಹೂಂ ಎನ್ನುತ್ತಿದ್ದೆನೇನೋ.
ಕೊನೆಗೆ ಬರುವ ಗುರುವಾರ ಎಂದು ನಾನೇ ದಿನ ಕೊಟ್ಟೆ. ಎಷ್ಟು ಖುಷಿಪಟ್ಟೆ ನೀನು.
ಇವತ್ತು ಸೋಮವಾರ ಕಣೋ…

ಮಧ್ಯಾಹ್ನ ಪಾಲಹಳ್ಳಿಗೆ ಹೋಗಿದ್ದೆ.
ಅಂಗಳದಲ್ಲಿ ಜನ ಕೂತಿದ್ದರು. ಅಲ್ಲಿಗೇ ಕೇಂದ್ರದ ಯಜಮಾನರ ಫೋನ್ ಬಂತು. ಪಾಪ, ಅವರೂ ಅತ್ತರು.
ಆಮೇಲೆ ಗುರುವಾರದ್ದು ಏನು ಮಾಡುವುದು ಎಂದು ಕೇಳಿದರು.
ನನಗೆ ಬರುವುದಿಲ್ಲ, ಬೇರೆ ಯಾರಿಗೂ ಬರುವುದಿಲ್ಲ ಎಂದೆ. ಹೊರಗಿನವರನ್ನು ಕರೆಸೋಣ ಎಂದರೆ, ಆ ಹಳೇ ಪರೀಕ್ಷೆ ಮೆಷಿನುಗಳನ್ನು ಸರ್ವರಿಗೆ ಜೋಡಿಸಿದ ಬಗೆ ಅವನೊಬ್ಬನಿಗೇ ಗೊತ್ತು.
ಅದಕ್ಕೆ ಅವರೆಂದರು, "ಓಡ್ತಾ ಅದಲ್ಲಾ ಅಕ್ಕಾವ್ರೆ… ನಿಲ್ಲೋಗಂಟ ಓಡ್ಲಿ ಬುಡಿ."
ನಾನು ಬೇಡ ಎನ್ನಲಿಲ್ಲ. ಯಾವ ಬಾಯಲ್ಲಿ ಎನ್ನಲಿ?

ಹೊರಡುವಾಗ ಭಾಗ್ಯ ಒಳಕೋಣೆಗೆ ಕರೆದಳು.
ಮಂಚದ ಪಕ್ಕ ಒಂದು ಹಳೇ ಕಂಪ್ಯೂಟರ್, ಕವಚ ಇಲ್ಲದ್ದು, ಫ್ಯಾನ್ ಸದ್ದು ಮಾಡುತ್ತಿತ್ತು.
ಎರಡೂ ಮೆಟ್ಟಿಲು ಹತ್ತಿಸಿದ ಹೊಸ ರಿಲೀಸನ್ನು ಅದರಲ್ಲಿ ಹಾಕಿ, ನಮ್ಮ ಹಳೇ ಲೆಕ್ಕಾಚಾರವನ್ನೆಲ್ಲ ಓಡಿಸಿ ನೋಡುತ್ತಿದ್ದನಂತೆ. ಇಪ್ಪತ್ತು ದಿನದಿಂದ ಒಂದು ತಪ್ಪೂ ಇಲ್ಲ ಎಂದು ನಿನ್ನೆ ಊಟ ಮಾಡುತ್ತಾ ಹೇಳಿದನಂತೆ.
"ಇದ್ನ ಯಾರೂ ಮುಟ್ಬ್ಯಾಡಿ ಅಂದಿದ್ರು ಅಕ್ಕ" ಎಂದಳು. "ಆರುಸ್ಲಾ?"

ಮುಂದಕ್ಕೆ ಒಯ್ಯುವವರು ಯಾರು ಎಂದು ಯೋಚಿಸಿದೆ. ಒಬ್ಬರೂ ಹೊಳೆಯಲಿಲ್ಲ.
ಆರಿಸಮ್ಮ ಎಂದೆ…
ಅವಳಿಗೆ ಗುಂಡಿ ಯಾವುದು ಎಂದು ತಿಳಿಯಲಿಲ್ಲ.
ನಾನೇ ಆರಿಸಿದೆ.

ಹೋಗಿ ಬಾ ಎನ್ನುವ ಧೈರ್ಯ ನನಗಿಲ್ಲ ಶಿವಲಿಂಗು.
ನೀನು ಹೋದ ಕಡೆ ಯಾರೂ ನಿನ್ನನ್ನು ಕಾಯಿಸದಿರಲಿ…
ನಿನ್ನ ಜೀವ ತಣ್ಣಗಿರಲಿ, ನನ್ನಪ್ಪ.