ಸೊಂಟಕ್ಕೆ ಕಟ್ಟಿದ ಮೆಣಸಿನಕಾಯಿ ಬೀಜ

ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಗಪ್‌ಸುನ್ ಆರು ದಿನ ತುಂಬು ಬಸುರಿಯ ಹಾಗೆ ಓಡಾಡಿದಳು. ಗೋಡೆ ಹಿಡಿದು ಕೂತಳು, ಅಂಗಾತ ಮಲಗಿದಳು, ಚಮಚ ಕೈಜಾರಿ ಬಿದ್ದರೆ ಕಾಲಲ್ಲಿ ಮೂಲೆಗೆ ತಳ್ಳಿದಳೇ ಹೊರತು ಬಗ್ಗಲಿಲ್ಲ. ಒಳಂಗಿಯ ಕೆಳಗೆ, ಹೊಟ್ಟೆಗೆ ಅಂಟಿಕೊಂಡಂತೆ, ಒದ್ದೆ ಹತ್ತಿಬಟ್ಟೆಯಲ್ಲಿ ಸುತ್ತಿದ ಐವತ್ತು ಮೆಣಸಿನಕಾಯಿ ಬೀಜ ಕಟ್ಟಿಕೊಂಡಿದ್ದಳು.

ಇದಕ್ಕೆಲ್ಲ ಮೂಲ ಅವಳ ತಮ್ಮ ಇನ್‌ಗ್ಯು. ಹೆಡ್‌ಮೇಷ್ಟ್ರಾಗಿ ನಿವೃತ್ತನಾದವನು ಅಕ್ಕನ ಹತ್ತಿರ ಇರೋಣವೆಂದು ಸೊಲ್‌ಗೊಲ್ ಹಳ್ಳಿಗೆ ಬಂದು, ಅವಳ ಮನೆಯಿಂದ ಮೂರು ಮನೆ ಆಚೆ ನೆಲೆಸಿದ್ದ. ಸುಮ್ಮನೆ ಇರಬಾರದೆ? ಫೆಬ್ರವರಿಯ ಹಿಮದಲ್ಲಿ ಊರವರೆಲ್ಲ ತಾವು ಸೇರುವ ಊರಮನೆಯ ಬೆಚ್ಚನೆ ನೆಲದ ಮೇಲೆ ಗೆಣಸು ತಿನ್ನುತ್ತ ಇಸ್ಪೀಟಾಡುತ್ತಿದ್ದಾಗ ಬಾಯಿ ಹಾಕಿದ.

"ಈಗ ಎಲ್ರೂ ನರ್ಸರಿಯಿಂದ ಮೆಣಸಿನ ಸಸಿ ತರೋರೇ. ಬೀಜದಿಂದ ಮೊಳಕೆ ತೆಗೆಯೋದು ಇಲ್ಲಿ ಒಬ್ರಿಗಾದ್ರೂ ನೆನಪಿದ್ಯಾ?"

ಮಹಿಳಾ ಸಂಘದ ಅಧ್ಯಕ್ಷೆ ಸುನ್‌ಡೊಕ್‌ಗೆ ಇಷ್ಟು ಸಾಕಾಯಿತು. ಅವಳ ಗಂಟಲಿಗೆ ಮೈಕು ಬೇಡ. "ಮೇಷ್ಟ್ರೇ, ಪುಸ್ತಕದ ಬದನೇಕಾಯಿ ಬೇಡ. ನಮ್ಮನೆ ಕಾಯಿಂದ ಎಲ್ರಿಗೂ ಐವತ್ತೈವತ್ತು ಬೀಜ ಕೊಡ್ತೀನಿ. ಆರು ದಿನ. ಯಾರ ಬೀಜ ಜಾಸ್ತಿ ಮೊಳಕೆ ಒಡೆಯುತ್ತೋ ಅವ್ರಿಗೆ ಕಿಮ್ಚಿ ಉಪ್ಪಿನಕಾಯಿ ಹಾಕೋ ಈ ದೊಡ್ಡ ಕೆಂಪು ಟಬ್ಬು. ಸೋತೋರೆಲ್ಲ ಪಾತ್ರೆ ತೊಳೀಬೇಕು!"

ಏಳು ಮನೆಯವರು ಹೆಸರು ಕೊಟ್ಟರು. ಇನ್‌ಗ್ಯು ಪೇಟೆಗೆ ಹೋಗಿ ಬಿಸಿಯಾಗುವ ವಿದ್ಯುತ್ ಚಾಪೆ ತಂದ, ಜೊತೆಗೆ ಥರ್ಮಾಮೀಟರು, ಬರೆದಿಡಲು ನೋಟುಬುಕ್ಕು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವುದು ಓದಿದವರ ಜಾಯಮಾನ. ಗಪ್‌ಸುನ್ ಮಾತ್ರ ಸೀದಾ ಮನೆಗೆ ಹೋಗಿ ಹಳೆಯ ಬಟ್ಟೆ ಹರಿದಳು.

ಅವಳಿಗೆ ಟಬ್ಬು ಬೇಕಿರಲಿಲ್ಲ, ಮನೆಯಲ್ಲಿ ಎರಡಿದ್ದವು. ತಮ್ಮನನ್ನು ಒಂದು ಸಲ ಸೋಲಿಸಬೇಕಿತ್ತು. ಅವನು ಹುಟ್ಟಿದಾಗ ತವರಿನ ಬಾಗಿಲಿಗೆ ಹುಲ್ಲಿನ ಹಗ್ಗದಲ್ಲಿ ಕೆಂಪು ಮೆಣಸಿನಕಾಯಿ ಪೋಣಿಸಿ ಕಟ್ಟಿದ್ದನ್ನು ಅವಳೇ ಕಂಡಿದ್ದಳು. ಗಂಡು ಹುಟ್ಟಿದರೆ ಹಾಗೆ. ಇವಳು ಹುಟ್ಟಿದಾಗ ಕಟ್ಟಿದ್ದು ಇದ್ದಿಲು ಮತ್ತು ಪೈನ್ ಸೊಪ್ಪು. ಮೊಟ್ಟೆ ಅವನಿಗೆ, ಅಕ್ಕಿ ಅನ್ನ ಅವನಿಗೆ, ಶಾಲೆ ಅವನಿಗೆ. ತಮ್ಮನ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲವೆಂದಲ್ಲ, ಜೀವ ಬಿಡುತ್ತಿದ್ದಳು. ಹಾಗಂತ ಹೊಟ್ಟೆಕಿಚ್ಚು ಇರಬಾರದೆಂದು ಯಾವ ಶಾಸ್ತ್ರದಲ್ಲಿದೆ?

ಬೀಜ ಸೊಂಟಕ್ಕೆ ಕಟ್ಟುವುದು ಅಮ್ಮನ ವಿದ್ಯೆ. ಗುಡ್ಡದಾಚೆಯ ಆ ತವರುಮನೆಯಲ್ಲಿ ಒಲೆಯ ಬಿಸಿ ನೆಲದಡಿ ಹಾಯುತ್ತಿತ್ತು; ಸೌದೆ ಇದ್ದಾಗ ನೆಲ ಸುಡುತ್ತಿತ್ತು, ಇಲ್ಲದಾಗ ಕೊರೆಯುತ್ತಿತ್ತು. "ನೆಲ ನಂಬಬೇಡ, ಮೈ ನಂಬು," ಎನ್ನುತ್ತಿದ್ದಳು ಅಮ್ಮ. ಫೆಬ್ರವರಿಯಲ್ಲಿ ಅವಳ ಹತ್ತಿರ ಹೋದರೆ ಒದ್ದೆ ಬಟ್ಟೆಯ, ಹೊಗೆಯ, ಹುದುಗಿದ ಸೋಯಾದ ವಾಸನೆ. ಸಂಜೆ ದೀಪದ ಮುಂದೆ ಗಂಟು ಬಿಚ್ಚಿ, ಬಾಯಲ್ಲಿ ಬೆಚ್ಚಗೆ ಮಾಡಿದ ನೀರು ಚಿಮುಕಿಸಿ, ಮತ್ತೆ ಕಟ್ಟಿಕೊಳ್ಳುತ್ತಿದ್ದಳು. "ನೋಡು, ಬಾಲ ಬಂತು!" ಎಂದು ಅಮ್ಮ ತೋರಿಸಿದರೆ, ಅಕ್ಕಿನುಚ್ಚಿನಷ್ಟು ಬಿಳೀ ಮೊಳಕೆ ಕಂಡು ಗಪ್‌ಸುನ್‌ಗೆ ಹಬ್ಬ. ಬೇಸಿಗೆಯ ಕೊನೆಗೆ ಸೂರಿನ ಮೇಲೆಲ್ಲ ಅದೇ ಬೀಜದ ಕೆಂಪು ಹಣ್ಣು ಒಣಗುತ್ತಿತ್ತು, ಘಾಟಿಗೆ ಮನೆಮಂದಿಯೆಲ್ಲ ಸೀನುತ್ತಿದ್ದರು.

ಆದರೆ ಆ ನೆನಪಿನಲ್ಲೊಂದು ಮುಳ್ಳಿತ್ತು. ಹದಿಮೂರನೆಯ ವಯಸ್ಸಿನಲ್ಲಿ ಅವಳನ್ನು ದೇಗು ಪಟ್ಟಣದ ಒಂದು ಮನೆಗೆಲಸಕ್ಕೆ ಕಳಿಸಿದರು. ಅದೂ ಫೆಬ್ರವರಿಯೇ. ಬಸ್ಸು ಬಂದಾಗ ಅಮ್ಮನನ್ನು ತಬ್ಬಿಕೊಳ್ಳಲು ಓಡಿದಳು. ಅಮ್ಮ ಎರಡು ಕೈಯಿಂದ ಅವಳ ಹೆಗಲು ಹಿಡಿದು ದೂರ ನಿಲ್ಲಿಸಿದಳು. "ಬೇಡ, ಬೇಡ. ಮೊಳಕೆ ಬಂದಿದೆ, ಮುರಿದೋಗತ್ತೆ." ಅಷ್ಟೇ. ಒಂಬತ್ತು ವರ್ಷ ಪರರ ಅಡುಗೆಮನೆಯಲ್ಲಿ ಸವೆದಳು, ಇನ್‌ಗ್ಯು ಓದಿದ. ಅಮ್ಮನಿಗೆ ತನಗಿಂತ ಬೀಜವೇ ಹೆಚ್ಚಾಯಿತಲ್ಲ ಎಂಬ ಸಂಕಟವನ್ನು ಗಪ್‌ಸುನ್ ಮದುವೆಗೆ ಹೊತ್ತು ತಂದಳು, ಅಮ್ಮನ ಮಣ್ಣಿಗೂ ಹೊತ್ತು ಹೋದಳು. ಅಮ್ಮ ಇದ್ದಾಗ ಕೇಳುವ ಧೈರ್ಯ ಬರಲಿಲ್ಲ. ಕೇಳಿ, ಹೌದು ಎಂದುಬಿಟ್ಟರೆ?

ಪಂದ್ಯದ ಮೂರನೆಯ ದಿನಕ್ಕೆ ಗುಟ್ಟು ರಟ್ಟಾಯಿತು. ಊರಮನೆಯಲ್ಲಿ ಇವಳು ಕಡ್ಡಿಯಂತೆ ನೆಟ್ಟಗೆ ಕೂತಿದ್ದು ನೋಡಿ ಸುನ್‌ಡೊಕ್ ಹೊಟ್ಟೆ ಮುಟ್ಟಿಯೇಬಿಟ್ಟಳು.

"ಅಯ್ಯೋ, ಗಟ್ಟಿಯಾಗಿದ್ಯಲ್ಲೇ! ಎಷ್ಟು ತಿಂಗಳು?"

"ಮೂರು ದಿನ," ಎಂದಳು ಗಪ್‌ಸುನ್.

"ಮೆಣಸಿನಕಾಯಿ ಬಸುರು ಅಂದ್ಮೇಲೆ ಗಂಡೇ ಬಿಡು. ಬಾಗಿಲಿಗೆ ಹಗ್ಗ ಹೊಸೀಲಾ?"

"ನಗಿಸ್ಬೇಡ ಮಾರಾಯ್ತಿ, ಗಂಟು ಜಾರತ್ತೆ."

ಇನ್‌ಗ್ಯು ತಲೆ ಅಲ್ಲಾಡಿಸಿದ. "ಅಕ್ಕಾ, ಇದೆಲ್ಲ ಹಳೇಕಾಲದ್ದು. ನನ್ನ ಚಾಪೆ ನೋಡು ಬಾ, ಇಪ್ಪತ್ತೆಂಟು ಡಿಗ್ರಿ, ಒಂದು ಚೂರು ಆಚೀಚೆ ಇಲ್ಲ."

"ನಿನ್ನ ಚಾಪೆಗೆ ಹೊಟ್ಟೆ ಇದ್ಯೇನೋ?" ಎಂದಳು ಅವಳು. ಹೆಂಗಸರು ಬಿದ್ದು ಬಿದ್ದು ನಕ್ಕರು.

ಆರನೆಯ ದಿನ ಮಧ್ಯಾಹ್ನ ಎಲ್ಲರೂ ತಂತಮ್ಮ ಬೀಜ ತಂದರು. ಮೊದಲು ಮೇಷ್ಟ್ರ ಡಬ್ಬಿ. ಐವತ್ತರಲ್ಲಿ ಹತ್ತೊಂಬತ್ತು. ಚಾಪೆಯ ಶಾಖಕ್ಕೆ ಬಟ್ಟೆ ಒಣಗಿದ್ದು ಥರ್ಮಾಮೀಟರಿಗೆ ಹೇಗೆ ಗೊತ್ತಾಗಬೇಕು? "ಈ ಬೀಜದಲ್ಲೇ ದೋಷ ಇದೆ," ಎಂದ ಇನ್‌ಗ್ಯು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ! ಸುನ್‌ಡೊಕ್‌ಳದು ಮೂವತ್ತೆಂಟು. ಉಳಿದವರದ್ದು ಅದರ ಆಸುಪಾಸಿನಲ್ಲೇ. ಕೊನೆಗೆ ಗಪ್‌ಸುನ್ ಗೋಡೆಗೆ ತಿರುಗಿ ನಿಂತು, ಗಂಟು ಬಿಚ್ಚಿ, ಬಟ್ಟೆಯನ್ನು ತಟ್ಟೆಯಲ್ಲಿ ಹರಡಿದಳು. ಸುನ್‌ಡೊಕ್ ಎರಡು ಸಲ ಎಣಿಸಿದಳು. ನಲವತ್ತೇಳು.

ಕೂಗೋ ಕೂಗು. ಟಬ್ಬನ್ನು ಅವಳ ತಲೆಗೇ ಕವುಚಿದರು. ಅಕ್ಕಿ ಹೆಂಡದ ಎರಡನೆಯ ಬಟ್ಟಲು ಮುಗಿಯುವಾಗ, "ಯಾರು ಕಲ್ಸಿದ್ದೇ ಇದನ್ನ?" ಎಂದಳು ಸುನ್‌ಡೊಕ್. ಗೆದ್ದ ಖುಷಿಯಲ್ಲಿ ಗಪ್‌ಸುನ್‌ಳ ನಾಲಿಗೆ ಸಡಿಲವಾಯಿತು. ಅರವತ್ತೊಂದು ವರ್ಷ ಮುಚ್ಚಿಟ್ಟದ್ದನ್ನು ತಮಾಷೆಯೆಂಬಂತೆ ಹೇಳಿಬಿಟ್ಟಳು.

"ನಮ್ಮಮ್ಮ. ಅವ್ಳಿಗೆ ನನಗಿಂತ ಬೀಜ ಅಂದ್ರೇ ಪ್ರಾಣ. ದೇಗುಗೆ ಹೋಗೋ ದಿನ ತಬ್ಕೊಳ್ಳೋಕೂ ಬಿಡ್ಲಿಲ್ಲ ನೋಡು, ಮೊಳಕೆ ಮುರಿಯತ್ತೆ ಅಂತ!"

ಇನ್‌ಗ್ಯು ಬಟ್ಟಲು ಕೆಳಗಿಟ್ಟ.

"ನೀನು ಹೋದ ವರ್ಷಾನಾ? ಅಕ್ಕಾ, ಆ ವರ್ಷ ನಮ್ಮನೇಲಿ ಸಸೀನೇ ಇರ್ಲಿಲ್ಲ."

"ಸುಳ್ಳು. ಮೊಳಕೆ ಬಂದಿದ್ದು ಕಣ್ಣಾರೆ ಕಂಡಿದ್ದೀನಿ."

"ಬಂದಿತ್ತೋ ಏನೋ. ಬಸ್ಸು ಹೋದ್ಮೇಲೆ ಅಮ್ಮ ಒಲೆ ಮುಂದೆ ಹೊಟ್ಟೆ ಹಿಡ್ಕೊಂಡು ಮುದುರಿ ಕೂತ್ಲು. ಕತ್ಲಾದ್ರೂ ಏಳ್ಲಿಲ್ಲ. ಊಟ ಕೇಳಿದ್ರೆ ಹೊಟ್ಟೆನೋವು ಕಣೋ ಅಂದ್ಲು. ಕೊನೆಗೆ ಬಟ್ಟೆ ಬಿಚ್ಚಿದ್ರೆ ಬೀಜ ಎಲ್ಲ ಜಜ್ಜಿ ಪಚಡಿ ಆಗಿತ್ತು, ಒಂದೂ ಉಳಿದಿರ್ಲಿಲ್ಲ. ಏಪ್ರಿಲ್‌ನಲ್ಲಿ ಸಸಿ ಬೇಡ್ಕೊಂಡು ಬಾ ಅಂತ ಬುಟ್ಟಿ ಕೊಟ್ಟು ಮೇಲ್ಗಡೆ ಮನೆಯವ್ರ ಹತ್ರ ಕಳ್ಸಿದ್ದು ನನ್ನನ್ನೇ. ನಂಗೆ ಏಳು ವರ್ಷ, ಅವಮಾನ ಆಗಿತ್ತು. ಅದಕ್ಕೇ ಮರೆತಿಲ್ಲ."

ಗಪ್‌ಸುನ್ ತಮ್ಮನ ಬೆನ್ನಿಗೆ ಗುದ್ದಿದಳು.

"ಇಷ್ಟು ವರ್ಷ ಯಾಕೋ ಹೇಳ್ಲಿಲ್ಲ, ಕತ್ತೆ?"

"ಹೇಳೋ ವಿಷಯ ಅಂತ ನನಗೇನು ಗೊತ್ತು? ನಿಜವಾಗ್ಲೂ ಹೊಟ್ಟೆನೋವು ಅಂದ್ಕೊಂಡಿದ್ದೆ."

ಅವಳಿಗೆ ನಗುವೂ ಬಂತು, ಅಳುವೂ ಬಂತು, ಎರಡನ್ನೂ ತಡೆಯಲಿಲ್ಲ. ಸುನ್‌ಡೊಕ್ ಪಕ್ಕಕ್ಕೆ ಬಂದು ಕೂತಳು. ಸೋತವರು ಪಾತ್ರೆ ತೊಳೆಯಲು ಒಬ್ಬೊಬ್ಬರಾಗಿ ಎದ್ದರು. ಇನ್‌ಗ್ಯು ಕೂಡ ಅಂಗಿಯ ತೋಳು ಮಡಿಸಿ ಏಳಹೊರಟಾಗ ಅವಳು ಅವನ ಕೈ ಹಿಡಿದು ಕೂರಿಸಿದಳು.

"ಪಾತ್ರೆ ಇರ್ಲಿ ಬಿಡೋ. ಇನ್ನೊಂದ್ಸಲ ಹೇಳು. ಬಸ್ಸು ಹೋದಲ್ಲಿಂದ ಹೇಳು."